ರಾಯಚೂರಿನಲ್ಲಿ ಇಲ್ಲದ ಬಿಸಿಲು

"ಬಿಸಿಲೇ ಬೇಕು ಅಂತಿದ್ರೆ ರಾಯಚೂರಿಗೆ ಹೋಗಬಹುದಿತ್ತಲ್ಲೋ. ಅದಕ್ಕೂ ಸಮುದ್ರ ದಾಟಬೇಕಾ?"

ಮೃತ ಸಮುದ್ರಕ್ಕೆ ಹೊರಟು ನಿಂತಾಗ ಅಮ್ಮ ಕೇಳಿದ ಮಾತು ಇದು. ಅಡಿಕೆ ಸುಲಿಯುತ್ತಿದ್ದಳು, ಮೆಟ್ಟುಗತ್ತಿಯಿಂದ ಕಣ್ಣು ಎತ್ತಲಿಲ್ಲ. ಅದು 2022ರ ಅಕ್ಟೋಬರ್. ಹೋದೆ, ನಾಲ್ಕು ವಾರ ಇದ್ದೆ, ಬಂದೆ. ಆಮೇಲೆ ಮೂರು ಮಳೆಗಾಲ ಕಳೆದಿವೆ. ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅವಳಿಗೂ ಒಪ್ಪಿಗೆಯಾಗಿಲ್ಲ, ನನಗೂ ಪೂರ್ತಿ ಒಪ್ಪಿಗೆಯಾಗಿಲ್ಲ.

ನನಗಿರುವುದು ಸೋರಿಯಾಸಿಸ್. ಜಗತ್ತಿನ ಲೆಕ್ಕದಲ್ಲಿ ನೂರಕ್ಕೆ ಎರಡು ಮೂರು ಜನಕ್ಕೆ ಇರುವ ಕಾಯಿಲೆ. ಅಂಟುವುದಿಲ್ಲ, ಬಿಟ್ಟೂ ಹೋಗುವುದಿಲ್ಲ. ಸರಿಯಾಗಿರುವ ಚರ್ಮದಲ್ಲಿ ಜೀವಕೋಶ ಕೆಳಗೆ ಹುಟ್ಟಿ, ಮೇಲೆ ಬಂದು, ಉದುರಿಹೋಗಲು ಹೆಚ್ಚುಕಡಿಮೆ ಒಂದು ತಿಂಗಳು ಹಿಡಿಯುತ್ತದೆ. ನಮ್ಮಂಥವರಲ್ಲಿ ಅದೇ ಕೆಲಸ ಮೂರು ನಾಲ್ಕು ದಿನದಲ್ಲಿ ಮುಗಿದುಹೋಗುತ್ತದೆ. ಮೊಣಕೈ, ಮೊಣಕಾಲು, ಬೆನ್ನು, ನೆತ್ತಿಯಲ್ಲಿ ಕೆಂಪು ದದ್ದು, ಅದರ ಮೇಲೆ ಮೀನಿನ ಹುರುಪೆಯ ಹಾಗೆ ಬೆಳ್ಳನೆ ಪದರ. ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಕಪ್ಪು ಅಂಗಿ ಹಾಕುವುದಿಲ್ಲ, ಅರ್ಧ ತೋಳಿನದಂತೂ ಇಲ್ಲವೇ ಇಲ್ಲ. ಹೆಗಲ ಮೇಲೆ ಉದುರಿದ್ದು ಯಾರಿಗಾದರೂ ಕಂಡರೆ ಸೀಮೆಸುಣ್ಣದ ಪುಡಿಯೆಂದು ಕೊಡವಿಕೊಳ್ಳುತ್ತಿದ್ದೆ. ಕಾಲೇಜಿಗೆ ವೈಟ್‌ಬೋರ್ಡ್ ಬಂದ ದಿನ ಉಳಿದವರೆಲ್ಲ ಸಿಹಿ ತಿಂದರು, ನನಗೆ ಮಾತ್ರ ಒಳಗೊಳಗೇ ಸಂಕಟ.

ಮಾಡದ ಮದ್ದಿಲ್ಲ. ತಾರಿನ ಮುಲಾಮು, ಬಿಸಿಲಿಗಿಟ್ಟರೆ ನೇರಳೆ ಬಣ್ಣಕ್ಕೆ ತಿರುಗುವ ದಂತಪಾಲ ಎಣ್ಣೆ, ವಾರಕ್ಕೊಮ್ಮೆ ನುಂಗುವ ಮೆಥೋಟ್ರೆಕ್ಸೇಟ್, ಅದಕ್ಕಾಗಿ ಆಗಾಗ ಲಿವರ್ ಪರೀಕ್ಷೆ. ಚರ್ಮದ ಕಾಯಿಲೆ ಎಂದ ಮೇಲೆ ನಮ್ಮ ಕಡೆ ನಾಗನನ್ನು ಬಿಡುವ ಹಾಗಿಲ್ಲ. ಕುಕ್ಕೆಗೆ ಹೋಗಿ ಕುಮಾರಧಾರೆಯಲ್ಲಿ ಮುಳುಗಿ, ಹುತ್ತದ ಮಣ್ಣಿನ ಪ್ರಸಾದವನ್ನು ಮೊಣಕೈಗೆ ಹಚ್ಚಿಕೊಂಡು ಬಂದದ್ದೂ ಆಗಿತ್ತು. ಮಣ್ಣು ತಂಪಾಗಿತ್ತು, ಅಷ್ಟು ಹೇಳಬಲ್ಲೆ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಮಳೆಗಾಲದಲ್ಲಿ ನಮಗೆ ಸೂರ್ಯ ಸಿಗುವುದು ಪಂಚಾಂಗದಲ್ಲಿ ಮಾತ್ರ. ಗೋಡೆಗೆ ಪಾಚಿ ಹಿಡಿಯುವ ಹೊತ್ತಿಗೆ ನನಗೆ ದದ್ದು ಹಿಡಿದಿರುತ್ತದೆ. ಟೆಲ್ ಅವೀವ್‌ನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ತಂಗಿ ಇದನ್ನೆಲ್ಲ ನೋಡಿ ನೋಡಿ, "ಅಣ್ಣಾ, ಯುರೋಪಿನವರೆಲ್ಲ ಇದಕ್ಕಾಗಿಯೇ ಇಲ್ಲಿಗೆ ಬರ್ತಾರೆ, ನೀನು ಒಂದ್ಸಲ ಬಾ" ಎಂದು ಹಟ ಹಿಡಿದಳು. ಅವಳು ಹೇಳಿದ ಜಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 50 ಮಿಲಿಮೀಟರ್. ನಮ್ಮಲ್ಲಿ ಆಷಾಢದ ಒಂದು ಮಧ್ಯಾಹ್ನಕ್ಕೆ ಅಷ್ಟಾಗುತ್ತದೆ.

ಜೆರೂಸಲೇಮ್ ದಾಟಿದ ಮೇಲೆ ರಸ್ತೆ ಇಳಿಯತೊಡಗಿತು. ಘಾಟಿ ಇಳಿಯುವುದು ನನಗೆ ಹೊಸದಲ್ಲ. ಆಗುಂಬೆಯ ತಿರುವುಗಳನ್ನು ಇಳಿದರೆ ಸೋಮೇಶ್ವರ, ಅಲ್ಲಿಂದಾಚೆ ಕಡಲು, ಅಲ್ಲಿಗೆ ಇಳಿಯುವುದು ಮುಗಿಯಿತು. ಇಲ್ಲಿ ರಸ್ತೆಯ ಪಕ್ಕ 'ಸಮುದ್ರ ಮಟ್ಟ' ಎಂದು ಬರೆದ ಫಲಕ ಬಂತು, ಅದರ ಬುಡದಲ್ಲಿ ಅಲಂಕಾರ ಮಾಡಿಸಿಕೊಂಡ ಒಂದು ಒಂಟೆ. ಕಾರು ಮಾತ್ರ ಇನ್ನೂ ಇಳಿಯುತ್ತಲೇ ಇತ್ತು. ಕಿವಿ ಗುಂಯ್ ಎಂದು ಮುಚ್ಚಿಕೊಂಡವು. ಜೆರೂಸಲೇಮಿನಲ್ಲಿ ನೀರು ಕುಡಿದು, ಮುಚ್ಚಳ ಬಿಗಿದು ಕಾಲ ಬಳಿ ಇಟ್ಟಿದ್ದ ಖಾಲಿ ಪ್ಲಾಸ್ಟಿಕ್ ಬಾಟಲಿ ಕಟಕಟ ಸದ್ದು ಮಾಡುತ್ತಾ ತಾನಾಗಿಯೇ ಒಳಕ್ಕೆ ಕುಗ್ಗಿತು. ಅಲ್ಲಿಂದ ಇಲ್ಲಿಗೆ ಸಾವಿರದ ಇನ್ನೂರು ಮೀಟರಿನಷ್ಟು ಇಳಿತ, ಅಷ್ಟು ಗಾಳಿಯ ಭಾರ ಹೆಚ್ಚಾಗಿತ್ತು. ಮೃತ ಸಮುದ್ರದ ದಡ ಇರುವುದು ಸಮುದ್ರ ಮಟ್ಟಕ್ಕಿಂತ 430 ಮೀಟರಿಗೂ ಕೆಳಗೆ. ಭೂಮಿಯ ಮೇಲೆ, ಒಣ ನೆಲದ ಮೇಲೆ, ಇದಕ್ಕಿಂತ ತಗ್ಗಿನ ಜಾಗ ಇಲ್ಲ.

ನಾನು ಉಳಿದುಕೊಂಡ ಐನ್ ಬೊಕೆಕ್ ಊರಲ್ಲ, ನೀರಿನ ಅಂಚಿಗೆ ನಿಲ್ಲಿಸಿದ ಹೋಟೆಲುಗಳ ಸಾಲು. ಹಿಂದೆ ಹುಲ್ಲುಕಡ್ಡಿಯೂ ಇಲ್ಲದ ಕಂದು ಬೆಟ್ಟ. ಹಸಿರು ನೋಡಿ ಬೆಳೆದ ಕಣ್ಣಿಗೆ ಮೊದಲೆರಡು ದಿನ ಎಲ್ಲಿ ನೆಡಬೇಕೆಂದೇ ತಿಳಿಯಲಿಲ್ಲ. ಚಿಕಿತ್ಸಾಲಯದ ವೈದ್ಯರು ರಷ್ಯಾ ಮೂಲದ ಹಿರಿಯರು. ಭೂತಗನ್ನಡಿ ಹಿಡಿದು ನನ್ನ ಮಚ್ಚೆಗಳನ್ನೆಲ್ಲ ಒಂದೊಂದಾಗಿ ನೋಡಿದರು. ಬಿಸಿಲಿಗೆ ಚರ್ಮ ಸುಡುವ ಬಗೆ ನೋಡಿ ಮನುಷ್ಯರನ್ನು ಆರು ವರ್ಗ ಮಾಡುವ ಪದ್ಧತಿಯೊಂದಿದೆ, 1975ರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಎಂಬ ಅಮೆರಿಕದ ವೈದ್ಯ ಶುರುಮಾಡಿದ್ದು. "ನೀನು ಐದನೆಯವನು. ನನಗೆ ಬರುವವರೆಲ್ಲ ಒಂದು ಮತ್ತು ಎರಡು" ಎಂದು ನಕ್ಕರು. ನಮ್ಮ ದೇಶದಲ್ಲಿ ಜನರನ್ನು ವರ್ಗ ಮಾಡುವುದು ಹೊಸದಲ್ಲ, ಕಪ್ಪಗಿದ್ದವನಿಗೆ ಅದರಿಂದ ಲಾಭವಾದದ್ದು ಮಾತ್ರ ಹೊಸದು.

ಮದ್ದಿನ ಚೀಟಿಯಲ್ಲಿ ಮದ್ದೇ ಇರಲಿಲ್ಲ. ಬರೀ ನಿಮಿಷಗಳು. ಮೊದಲ ದಿನ ಬೆಳಿಗ್ಗೆ 10, ಮಧ್ಯಾಹ್ನದ ಮೇಲೆ 10, ದಿನದಿನಕ್ಕೂ ಹತ್ತು ಹತ್ತು ಏರಿಸುತ್ತಾ ಹೋಗಿ ಕೊನೆಗೆ ಗಂಟೆಗಟ್ಟಲೆ. ನಡುವೆ ಸಮುದ್ರದಲ್ಲಿ ಸ್ವಲ್ಪ ಹೊತ್ತು, ಆಮೇಲೆ ಸಿಹಿನೀರಿನ ಸ್ನಾನ, ಮೈಗೆ ಎಣ್ಣೆ. ಒಟ್ಟು 28 ದಿನ.

ಬಿಸಿಲು ಕಾಯಿಸುವ ಜಾಗ ಮಾಳಿಗೆಯ ಮೇಲೆ, ಸುತ್ತ ಕ್ಯಾನ್ವಾಸ್ ಗೋಡೆ, ಮೇಲೆ ಆಕಾಶ. ಗಂಡಸರಿಗೊಂದು, ಹೆಂಗಸರಿಗೊಂದು. ನಾನು ಪಂಚೆ ಸುತ್ತಿಕೊಂಡು ಬಾಗಿಲು ತಳ್ಳಿದೆ. ಒಳಗೆ ಇಪ್ಪತ್ತು ಇಪ್ಪತ್ತೈದು ಗಂಡಸರು, ಯಾರ ಮೈಮೇಲೂ ನೂಲೆಳೆ ಇಲ್ಲ. ಅಷ್ಟು ನಿಸ್ಸಂಕೋಚದ ಬೆತ್ತಲೆಯನ್ನು ನಾನು ಕಂಡದ್ದು ಶ್ರವಣಬೆಳಗೊಳದಲ್ಲಿ, ಅದೂ ಕಲ್ಲಿನಲ್ಲಿ. ಬಾಗಿಲ ಪಕ್ಕದ ಮಂಚದಲ್ಲಿದ್ದ ಎಪ್ಪತ್ತರ ಡೇನಿಷ್ ಮನುಷ್ಯ ನನ್ನ ಪಂಚೆಯನ್ನೇ ನೋಡಿದ.

"ಅದರ ಕೆಳಗೆ ಕಾಯಿಲೆ ಇಲ್ಲವೋ?"

"ಇದೆ."

"ಹಾಗಾದರೆ ಅಲ್ಲಿಗೂ ಬಿಸಿಲು ಬೇಕಲ್ಲ."

ಮೂರನೆಯ ದಿನ ಪಂಚೆ ಬಿಟ್ಟೆ. ಆತ ನಿವೃತ್ತ ಅಂಚೆಯವ, ಇಲ್ಲಿಗೆ ಹನ್ನೊಂದನೆಯ ಸಲ ಬಂದಿದ್ದ. ಅವನನ್ನು ಕಳಿಸಿದ್ದು ಅವರ ದೇಶದ ಆರೋಗ್ಯ ವ್ಯವಸ್ಥೆ. ನಾರ್ವೆಯವರು ತಮ್ಮ ರೋಗಿಗಳನ್ನು ಹೀಗೆಯೇ ಕ್ಯಾನರಿ ದ್ವೀಪಕ್ಕೆ ಕಳಿಸುತ್ತಾರಂತೆ. ಬಿಸಿಲಿಲ್ಲದ ದೇಶಗಳು ಬಿಸಿಲನ್ನು ಔಷಧದ ಲೆಕ್ಕಕ್ಕೆ ಬರೆದುಕೊಂಡಿವೆ. ಬೆಳಕಿನಿಂದ ಚರ್ಮದ ಕ್ಷಯ ವಾಸಿಮಾಡಿ 1903ರಲ್ಲಿ ನೊಬೆಲ್ ಪಡೆದ ನೀಲ್ಸ್ ಫಿನ್ಸೆನ್ ತಮ್ಮವನೇ ಎಂದು ಆತ ಹೆಮ್ಮೆಯಿಂದ ಹೇಳಿದ. ನಾನು ಬಿಡುತ್ತೇನೆಯೇ, ಕೃಷ್ಣನ ಮಗ ಸಾಂಬ ಸೂರ್ಯನನ್ನು ಒಲಿಸಿಕೊಂಡು ಕುಷ್ಠ ಕಳೆದುಕೊಂಡ ಕಥೆ ಹೇಳಿದೆ. ಬಾವಂಚಿ ಬೀಜ ಹಚ್ಚಿ ಬಿಸಿಲಿಗೆ ಕೂರಿಸುವ ತೊನ್ನಿನ ಚಿಕಿತ್ಸೆಯನ್ನೂ, ಆ ಗಿಡದ ಕುಲದ ಹೆಸರಿನಿಂದಲೇ ಇವತ್ತಿನ ಸೋರಾಲೆನ್ ಔಷಧಕ್ಕೆ ಹೆಸರು ಬಂದದ್ದನ್ನೂ ಸೇರಿಸಿದೆ. ಇಬ್ಬರು ಬೆತ್ತಲೆ ಗಂಡಸರು ತಂತಮ್ಮ ದೇಶದ ಮಾನ ಕಾಯುತ್ತಿದ್ದೆವು. "ಈಗಿನ ಹುಡುಗರು ಇಲ್ಲಿಗೆ ಬರುವುದಿಲ್ಲ, ಇಂಜೆಕ್ಷನ್ ಚುಚ್ಚಿಸಿಕೊಂಡು ಕೆಲಸಕ್ಕೆ ಹೋಗುತ್ತಾರೆ" ಎಂದ ಕೊನೆಗೆ. ದೂರೋ ಹೊಟ್ಟೆಕಿಚ್ಚೋ ತಿಳಿಯಲಿಲ್ಲ.

ಗಾಯದ ಮೇಲೆ ಉಪ್ಪು ಸವರಿದ ಹಾಗೆ ಎಂಬ ಮಾತನ್ನು ನಾನು ಎಷ್ಟು ಸಲ ಬಳಸಿದ್ದೇನೋ. ಅರ್ಥವಾದದ್ದು ಮೊದಲ ದಿನ ನೀರಿಗಿಳಿದಾಗ. ದದ್ದು ಬಿರುಕು ಬಿಟ್ಟ ಕಡೆಯೆಲ್ಲ ಬೆಂಕಿ. ಈ ನೀರಿನಲ್ಲಿ ಮೂರನೆಯ ಒಂದು ಪಾಲು ಉಪ್ಪೇ, ಸಾಮಾನ್ಯ ಕಡಲಿನ ಹತ್ತು ಪಟ್ಟಿನ ಹತ್ತಿರ. ಅದೂ ನಮ್ಮ ಅಡುಗೆಯ ಉಪ್ಪಲ್ಲ, ಹೆಚ್ಚಿನದು ಮೆಗ್ನೀಸಿಯಂ ಕ್ಲೋರೈಡ್. ತುಟಿಗೆ ತಾಗಿದ ಹನಿ ಉಪ್ಪಾಗಿರಲಿಲ್ಲ, ಹಾಗಲಕಾಯಿಯ ಹಾಗೆ ಕಹಿ. ನೀರು ಬೆರಳ ಸಂದಿಯಲ್ಲಿ ಎಣ್ಣೆಯಂತೆ ಜಾರುತ್ತದೆ. ಹಿಂದಕ್ಕೆ ಒರಗಿದೆ, ಕಾಲು ತಾನಾಗಿ ಮೇಲೆ ಬಂತು. ಹೊಳೆಯಲ್ಲಿ ಈಜು ಕಲಿತವನಿಗೆ ಇದೊಂದು ಅವಮಾನ, ಇಲ್ಲಿ ಮುಳುಗಲು ಬುದ್ಧಿ ಬೇಕು. ಹತ್ತು ನಿಮಿಷದಲ್ಲಿ ಉರಿ ಇಳಿದು ಮೈ ಮರಗಟ್ಟಿದ ಹಾಗಾಯಿತು. ಕಾಲಡಿ ಮರಳಿಲ್ಲ, ಕಲ್ಲುಸಕ್ಕರೆಯಂಥ ಉಪ್ಪಿನ ಹರಳು.

ಬೆಳಗಿನ ಊಟದ ಮೇಜಿನಲ್ಲಿ ಮಾತ್ರ ನನಗೆ ಪರದೇಶ ಅನ್ನಿಸಲೇ ಇಲ್ಲ. ಸುಟ್ಟ ಬದನೆಕಾಯಿಯನ್ನು ಕಿವುಚಿ ಎಳ್ಳಿನ ತಹಿನಿ, ನಿಂಬೆರಸ, ಬೆಳ್ಳುಳ್ಳಿ ಹಾಕಿ ಇಟ್ಟಿದ್ದರು. ಒಂದು ಹಸಿಮೆಣಸು, ಇಂಗಿನ ಒಗ್ಗರಣೆ ಬಿದ್ದಿದ್ದರೆ ಅದು ನಮ್ಮ ಮನೆಯ ಸುಟ್ಟ ಬದನೆಕಾಯಿ ಗೊಜ್ಜು. ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರಿಗೆ ಲಬನೆ ಎನ್ನುತ್ತಾರೆ, ನಾವು ಶ್ರೀಖಂಡಕ್ಕೆ ಕಟ್ಟುವುದು ಅದನ್ನೇ. ಅವರು ಸಕ್ಕರೆಯ ಬದಲು ಆಲಿವ್ ಎಣ್ಣೆ ಸುರಿದು ಉಣ್ಣುತ್ತಾರೆ. ತಂಗಿ ಕೊಟ್ಟ ಚಟ್ನಿಪುಡಿಯನ್ನು ಅದೇ ಎಣ್ಣೆಯಲ್ಲಿ ಕಲಸಿ ಡೇನಿಷ್ ಅಂಚೆಯವನಿಗೆ ಕೊಟ್ಟೆ. ಕಣ್ಣಲ್ಲಿ ನೀರು ಬಂತು, ಮರುದಿನ ಮತ್ತೆ ಕೇಳಿದ.

ಅಮ್ಮನ ಪ್ರಶ್ನೆಯನ್ನು ವೈದ್ಯರ ಮುಂದಿಟ್ಟೆ. ರಾಯಚೂರನ್ನು ವಿವರಿಸುವುದು ಸ್ವಲ್ಪ ಕಷ್ಟವಾಯಿತು. ಬೇಸಿಗೆಯಲ್ಲಿ 42, 43 ಡಿಗ್ರಿ ಎಂದಾಗ ತಲೆದೂಗಿದರು. ಶಾಖವಲ್ಲ ಮುಖ್ಯ, ಕಿರಣ ಎಂದರು. ಚರ್ಮ ಸುಡುವುದೂ ಯುವಿ-ಬಿ ಕಿರಣ, ಸೋರಿಯಾಸಿಸ್ಸಿನ ಹುಚ್ಚು ಅವಸರವನ್ನು ತಡೆಯುವುದೂ ಬಹುಪಾಲು ಅದೇ. ಇಲ್ಲಿ ಸೂರ್ಯ ಮತ್ತು ಚರ್ಮದ ನಡುವೆ ಸುಮಾರು 400 ಮೀಟರ್ ಹೆಚ್ಚಿನ ಗಾಳಿ ಇದೆ, ಅದರ ಮೇಲೆ ಸಮುದ್ರದಿಂದ ಏಳುವ ಆವಿಯ ಮಬ್ಬು. ಅತ್ಯಂತ ಸುಡುವ ಕಿರಣಗಳು ಅಲ್ಲೇ ಸೋಸಿಹೋಗುತ್ತವೆ. ಆದ್ದರಿಂದ ಬೇರೆಡೆ ಬೊಬ್ಬೆ ಏಳುವಷ್ಟು ಹೊತ್ತು ಇಲ್ಲಿ ಮಲಗಬಹುದು. ಇಲ್ಲಿನ ಗುಣದ ಬಗ್ಗೆ ವೈದ್ಯರು ವರದಿ ಬರೆಯತೊಡಗಿದ್ದು 1959ರಲ್ಲಿ. ಬಿಸಿಲೆಷ್ಟು, ನೀರೆಷ್ಟು ಎಂದು ಬೇರೆ ಬೇರೆ ಮಾಡಿ ನೋಡಿದವರಿದ್ದಾರೆ. ಹೆಚ್ಚಿನ ಪಾಲು ಬಿಸಿಲಿನದೇ ಎಂದು ಕಂಡಿತು. ಹಾಗಂತ ಬಿಸಿಲು ಪುಕ್ಕಟೆಯಲ್ಲ, ಪ್ರತಿ ಗಂಟೆಯನ್ನೂ ಚರ್ಮ ಲೆಕ್ಕ ಇಟ್ಟುಕೊಳ್ಳುತ್ತದೆ, ಅದಕ್ಕೇ ಭೂತಗನ್ನಡಿ ಎಂದರು. ಕ್ಯಾನ್ಸರ್ ಎಂಬ ಶಬ್ದವನ್ನು ಮೆಲ್ಲಗೆ ಹೇಳಿದರು.

ಇದು ಪುಸ್ತಕದ ಉತ್ತರ. ಮಾಳಿಗೆಯ ಮೇಲೆ ಮಲಗಿದ್ದಾಗ ನನಗೆ ಹೊಳೆದದ್ದು ಬೇರೆ. ರಾಯಚೂರಿನಲ್ಲಿ ಬಿಸಿಲಿದೆ, ನಾನು ಅಂಗಿ ಬಿಚ್ಚಿ ಮಲಗುವ ಜಾಗ ಎಲ್ಲಿದೆ? ನಮ್ಮ ಪೇಟೆಯ ಕ್ಷೌರದಂಗಡಿಯಲ್ಲಿ ಒಮ್ಮೆ ನನ್ನ ತಲೆಗೆ ಬಳಸಿದ ಬಾಚಣಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದ್ದರು. ಜಗಳವಾಗಲಿಲ್ಲ, ದುಡ್ಡು ಕೊಟ್ಟು ಬಂದೆ. ಇಪ್ಪತ್ತೆರಡು ವರ್ಷ ನಾನು ಎಲ್ಲೆಲ್ಲಿ ಬಿಸಿಲಿತ್ತೋ ಅಲ್ಲೆಲ್ಲ ಬಟ್ಟೆಯೊಳಗೆ ನೆರಳು ಹೊತ್ತುಕೊಂಡು ತಿರುಗಿದವನು. ಈ ಮಾಳಿಗೆಯಲ್ಲಿ ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ತಪ್ಪು ಹೇಳಿದೆ, ಎಲ್ಲರೂ ಎಲ್ಲರನ್ನೂ ನೋಡುತ್ತಿದ್ದರು. "ನಿನ್ನ ಎಡ ಮೊಣಕಾಲು ನಿನ್ನೆಗಿಂತ ಚೆನ್ನಾಗಿದೆ" ಎಂದು ಜರ್ಮನ್ ಬಡಗಿಯೊಬ್ಬ ಕೂಗಿ ಹೇಳುತ್ತಿದ್ದ, ನಮ್ಮಲ್ಲಿ ಗದ್ದೆ ದಾರಿಯಲ್ಲಿ ಹೋಗುವವರು ಪೈರು ನೋಡಿ ಹೇಳುವ ಹಾಗೆ.

ಎರಡನೆಯ ವಾರದ ಒಂದು ಸಂಜೆ ದಡದ ಹಾದಿಯಲ್ಲಿ ಅಮ್ಮನ ಜೊತೆ ಫೋನಿನಲ್ಲಿದ್ದೆ. ಹಿಂದಿನಿಂದ ಗಾಲಿಕುರ್ಚಿಯ ಸದ್ದು ನಿಂತಿತು.

"ನೀವು ಕನ್ನಡದವರಾ ಮಾರಾಯ್ರೆ!"

ನಲವತ್ತೈದರ ಆಸುಪಾಸಿನ ಹೆಂಗಸು. ಊರು ಕಿನ್ನಿಗೋಳಿ ಹತ್ತಿರ, ಮನೆಮಾತು ಕೊಂಕಣಿ. ಕುರ್ಚಿಯಲ್ಲಿ ಟೊಪ್ಪಿ ಹಾಕಿಕೊಂಡ ಅಜ್ಜಿ. ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಮಂಗಳೂರು, ಉಡುಪಿ ಕಡೆಯವರು ಈ ದೇಶದಲ್ಲಿ ಬಹಳ ಮಂದಿ ಇದ್ದಾರೆಂದು ಕೇಳಿದ್ದೆ. ಅಜ್ಜಿಗೂ ನನ್ನದೇ ಕಾಯಿಲೆ, ಗಂಟುಗಳಿಗೂ ಇಳಿದಿತ್ತು. ನಾನು ಅಭ್ಯಾಸಬಲದಿಂದ ತೋಳು ಕೆಳಗೆ ಎಳೆದುಕೊಂಡೆ. ಆಕೆ ನೇರ ನನ್ನ ಮೊಣಕೈ ಹಿಡಿದು, ಬೆಳಕಿಗೆ ತಿರುಗಿಸಿ, ಹೆಬ್ಬೆರಳಲ್ಲಿ ದದ್ದಿನ ಅಂಚು ಸವರಿ ನೋಡಿದಳು, ತರಕಾರಿ ಅಂಗಡಿಯಲ್ಲಿ ಸೋರೆಕಾಯಿ ಎಳೆಯದೋ ಬಲಿತದ್ದೋ ನೋಡುವ ಹಾಗೆ. "ಇದಾ? ಇದು ಹೋಗ್ತದೆ. ಅಜ್ಜಿಯದ್ದು ಇದಕ್ಕಿಂತ ಜೋರು ಇತ್ತು, ನಾನೇ ಅಲ್ವಾ ತೊಳೆಯುವುದು." ಮನೆಯವರು ಬಿಟ್ಟರೆ ಬೇರೊಬ್ಬರು ಹಾಗೆ ಮುಟ್ಟಿ ಎಷ್ಟು ವರ್ಷವಾಗಿತ್ತೆಂದು ಲೆಕ್ಕ ಹಾಕಲು ಹೋಗಿ ಸಿಗದೆ ಬಿಟ್ಟೆ.

ಮಾರನೆಯ ದಿನ ಡಬ್ಬಿಯಲ್ಲಿ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ ತಂದುಕೊಟ್ಟಳು. "ಉಪ್ಪು ಕಮ್ಮಿ ಹಾಕಿದ್ದೇನೆ, ನಿಮಗೆ ಇಲ್ಲಿ ಸಾಕಷ್ಟು ಆಗಿರ್ತದಲ್ಲ" ಎಂದು ನಕ್ಕಳು. ಒಂಬತ್ತು ವರ್ಷದಿಂದ ಈ ಅಜ್ಜಿಯ ಬೆನ್ನಿಗೆ ದಿನಾ ಎಣ್ಣೆ ಹಚ್ಚುತ್ತಿದ್ದಾಳೆ. "ಊರಲ್ಲಿ ನನ್ನ ಅಮ್ಮನ ಬೆನ್ನಿಗೆ ಹಚ್ಚಲಿಕ್ಕೆ ಬೇರೆಯವರಿಗೆ ಸಂಬಳ ಕೊಟ್ಟು ಇಟ್ಟಿದ್ದೇನೆ ಅಣ್ಣ" ಎಂದು ಹೇಳಿ, ಅದು ಹವಾಮಾನದ ಸುದ್ದಿಯೋ ಎಂಬಂತೆ ಗಂಜಿಯ ಮುಚ್ಚಳ ಒರೆಸತೊಡಗಿದಳು.

ಶನಿವಾರ ತಂಗಿ ಬಂದು ಉತ್ತರಕ್ಕೆ, ಐನ್ ಗೆದಿ ಕಡೆಗೆ ಕರೆದುಕೊಂಡು ಹೋದಳು. ಅಲ್ಲಿ ನೀರಿನ ಅಂಚಿಗೆ ಕಟ್ಟಿದ್ದ ಸ್ನಾನಗೃಹದಿಂದ ಸಮುದ್ರ ಕಿಲೋಮೀಟರಿಗೂ ಆಚೆ ಸರಿದಿದೆ. ಜೋರ್ಡಾನ್ ನದಿಯ ನೀರು ಮೇಲೆಯೇ ತಿರುಗಿಹೋಗುತ್ತದೆ, ಸಮುದ್ರ ವರ್ಷಕ್ಕೆ ಒಂದು ಮೀಟರಿಗಿಂತ ಹೆಚ್ಚು ಇಳಿಯುತ್ತದೆ. ಉಪ್ಪು ಕರಗಿ ಪೊಳ್ಳಾದ ನೆಲ ಎಲ್ಲೆಂದರಲ್ಲಿ ಬಾಯಿಬಿಟ್ಟು ಕುಸಿದಿದೆ. ರಸ್ತೆ ಬಿರಿದು, ಬೇಲಿ ಹಾಕಿ, ಪೆಟ್ರೋಲ್ ಬಂಕು ಖರ್ಜೂರದ ತೋಟ ಎಲ್ಲ ಬಿಟ್ಟುಹೋಗಿದ್ದರು. ಹಾಗಾದರೆ ನಮ್ಮ ಹೋಟೆಲಿನ ಮುಂದೆ ನೀರು ತುಂಬಿರುವುದು ಹೇಗೆ ಎಂದು ಕೇಳಿದೆ. ತಂಗಿ ನಕ್ಕಳು. ನಾನು ದಿನಾ ತೇಲುತ್ತಿದ್ದದ್ದು ಸಮುದ್ರವೇ ಅಲ್ಲ. ದಕ್ಷಿಣದ ಭಾಗ ಎಂದೋ ಒಣಗಿದೆ. ಉತ್ತರದಿಂದ ನೀರು ಪಂಪು ಮಾಡಿ ಕಾಲುವೆಯಲ್ಲಿ ತಂದು, ಆವಿಯಾಗಿಸಿ ಪೊಟ್ಯಾಶ್ ತೆಗೆಯುವ ಕಾರ್ಖಾನೆಯ ಕೊಳ ಅದು. ಅಲ್ಲಿ ತಳದಲ್ಲಿ ಉಪ್ಪು ಕೂತು ಕೂತು ನೀರಿನ ಮಟ್ಟ ಏರುತ್ತಾ ಬಂದಿತ್ತು, ಇಲ್ಲಿ ಇಳಿಯುತ್ತಾ ಬಂದಿತ್ತು. ನನಗೆ ಮೋಸಹೋದ ಹಾಗಾಯಿತು. ಆಮೇಲೆ ಪೊಟ್ಯಾಶ್ ಎಂಬ ಶಬ್ದ ಎಲ್ಲೋ ಚುಚ್ಚಿತು. ಭಾರತ ತನಗೆ ಬೇಕಾದ ಪೊಟ್ಯಾಶನ್ನು ಹೊರಗಿನಿಂದ ತರಿಸುತ್ತದೆ, ಈ ಸಮುದ್ರದ ಎರಡೂ ದಡದಿಂದಲೂ. ಅಪ್ಪ ಸೊಸೈಟಿಯಿಂದ ಹೊತ್ತು ತಂದು ಅಡಿಕೆ ಬುಡಕ್ಕೆ ಹಾಕುತ್ತಿದ್ದ ಚೀಲಗಳಲ್ಲಿ ಒಂದೆರಡಾದರೂ ಇಲ್ಲಿಯವಾಗಿರಬಹುದು. ನಾನು ಬರುವ ಎಷ್ಟೋ ಮೊದಲು ಈ ಸಮುದ್ರ ನಮ್ಮ ತೋಟಕ್ಕೆ ಬಂದು ಹೋಗಿತ್ತೇನೋ.

ವಾಪಸು ಬರುವಾಗ ಆಚೆ ದಡದ ಬೆಟ್ಟಗಳು ನೇರಳೆಯಾಗಿದ್ದವು. ಅಲ್ಲೆಲ್ಲೋ ಕ್ಯಾಲಿರೋಯಿ ಎಂಬ ಬಿಸಿನೀರಿನ ಬುಗ್ಗೆ. ಮೈಯೆಲ್ಲ ತಡೆಯಲಾರದ ತುರಿಕೆ ಹತ್ತಿ ಹೆರೋದ್ ರಾಜ ಅಲ್ಲಿಗೆ ಹೋಗಿದ್ದನೆಂದು ಜೋಸೆಫಸ್ ಬರೆದಿದ್ದಾನೆ. ಗುಣವಾಗಲಿಲ್ಲ, ಜೆರಿಕೋದಲ್ಲಿ ಸತ್ತ. ತರಗತಿಯಲ್ಲಿ ಹೆರೋದನ ಕ್ರೌರ್ಯದ ಬಗ್ಗೆ ಹೇಳುವಾಗ ಇನ್ನು ಮುಂದೆ ಸ್ವಲ್ಪ ಮೆತ್ತಗಾಗುತ್ತೇನೇನೋ ಅನ್ನಿಸಿತು.

ಇಪ್ಪತ್ತನೆಯ ದಿನದ ಹೊತ್ತಿಗೆ ಹುರುಪೆ ಉದುರುವುದು ನಿಂತಿತು. ದದ್ದಿದ್ದ ಕಡೆ ಮಾಸಲು ಕಲೆ, ಮುಟ್ಟಿದರೆ ನುಣುಪು. ಬೆಳಿಗ್ಗೆ ಎದ್ದು ಹಾಸಿಗೆ ನೋಡಿದೆ. ಕೊಡವಲು ಏನೂ ಇರಲಿಲ್ಲ, ಕೈ ಮಾತ್ರ ಅಭ್ಯಾಸದಂತೆ ಎರಡು ಸಲ ಕೊಡವಿತು. ಬೀಳ್ಕೊಡುವಾಗ ಡೇನಿಷ್ ಅಂಚೆಯವ, "ಆರು ತಿಂಗಳು ಚೆನ್ನಾಗಿರುತ್ತೆ, ಆಮೇಲೆ ಕಾಗದ ಬಂದ ಹಾಗೆ ಬರುತ್ತೆ" ಎಂದ.

ಅರ್ಧ ತೋಳಿನ ಅಂಗಿ ಎರಡು ಹೊಲಿಸಿದೆ. ಅದೇ ಕ್ಷೌರದಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತೆ, ಅವರಿಗೆ ನನ್ನ ಗುರುತೇ ಇರಲಿಲ್ಲ. ಅಮ್ಮನಿಗೆಂದು ತಂದ ಮೃತ ಸಮುದ್ರದ ಕರಿಮಣ್ಣಿನ ಪೊಟ್ಟಣವನ್ನು ಅವಳು ದೇವರ ಕೋಣೆಯಲ್ಲಿ ಕುಕ್ಕೆಯ ಮಣ್ಣಿನ ಪಕ್ಕ ಇಟ್ಟಳು. ಮರುವರ್ಷ ಜೂನ್‌ನಲ್ಲಿ ಮಳೆ ಹಿಡಿಯಿತು. ಜುಲೈ ಎರಡನೆಯ ವಾರ ಎಡ ಮೊಣಕೈಯಲ್ಲಿ ಕಾಳಿನಷ್ಟು ಕೆಂಪು ಕಂಡಿತು.

ಆ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿ ಯುದ್ಧ ಶುರುವಾಯಿತು. ಕಿನ್ನಿಗೋಳಿಯ ಹೆಂಗಸಿಗೆ ಫೋನು ಮಾಡಿದೆ. ಐನ್ ಬೊಕೆಕ್ಕಿನ ಹೋಟೆಲುಗಳಲ್ಲಿ ಈಗ ಗಡಿಯ ಹಳ್ಳಿಗಳಿಂದ ಮನೆ ಬಿಟ್ಟು ಬಂದವರು ತುಂಬಿದ್ದಾರೆ, ಬಿಸಿಲು ಕಾಯಿಸುವವರು ಯಾರೂ ಇಲ್ಲ ಎಂದಳು. ಅಜ್ಜಿಯನ್ನು ಬಿಟ್ಟು ಬರುವುದು ಹೇಗೆ ಎಂದಳು. ಸೈರನ್ ಕೇಳಿಸಿತು, ಆಮೇಲೆ ಮಾಡ್ತೇನೆ ಎಂದು ಇಟ್ಟಳು. ಮಾಡಿದಳು, ಮೂರು ದಿನ ಬಿಟ್ಟು.

ಮತ್ತೆ ಹೋಗುವ ಮಾತೇ ಇರಲಿಲ್ಲ. ದೀಪಾವಳಿ ಕಳೆದು ಅಡಿಕೆ ಕೊಯ್ಲು ಬಂತು. ನಮ್ಮ ಅಂಗಳಕ್ಕೆ ದಬ್ಬೆಯ ಚಪ್ಪರ, ಬೇಯಿಸಿದ ಅಡಿಕೆಯನ್ನು ಅದರ ಮೇಲೆ ಹರವಿ ಒಣಗಿಸುತ್ತೇವೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಚಪ್ಪರದ ಮೇಲೆ ರಸ್ತೆ ಕಡೆಗೆ ಅಮ್ಮನ ಎರಡು ಹಳೆ ಸೀರೆ ಕಟ್ಟಿವೆ, ಅಡಿಕೆಯ ನಡುವೆ ಆರಡಿ ಜಾಗ ಬಿಡಿಸಿ ಚಾಪೆ ಹಾಸಿದೆ. "ಕೆಳಗಿಂದ ಯಾರಿ‍ಗೂ ಕಾಣಲ್ಲ, ನಾನು ಹೋಗಿ ಬಂದು ನೋಡಿದ್ದೀನಿ. ಡಾಕ್ಟರು ಹೇಳಿದಷ್ಟೇ ಹೊತ್ತು" ಎಂದಳು. ಏಣಿ ಹತ್ತಿ ಅಂಗಿ ಬಿಚ್ಚಿ ಮಲಗಿದೆ. ಚೊಗರಿನ ವಾಸನೆ, ಬೆನ್ನಿಗೆ ದಬ್ಬೆಯ ಗೆರೆ, ದೂರದಲ್ಲಿ ಕುಟ್ರುಹಕ್ಕಿಯ ಒಂದೇ ಸಮನೆ ಕೂಗು. ಕೆಳಗೆ ಮೆಟ್ಟುಗತ್ತಿಯ ಸದ್ದು ನಿಂತಿತು.

"ಹತ್ತು ನಿಮಿಷ ಆಯ್ತು, ಮಗುಚ್ಕೋ! ಹಾಗೇ ಅಡಿಕೆಗೂ ಒಂದು ಕೈ ಆಡಿಸು."